ಹವ್ಯಾಸಿ ರ‍್ಯಾಲಿಗೆ ಮೊದಲ ಸಣ್ಣ ಕಾರು: ಯಾವುದನ್ನು ಆರಿಸಬೇಕು, ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಾನು ರ‍್ಯಾಲಿಗಳಲ್ಲಿ ಮಾರ್ಷಲ್ (ಹಾದಿಯ ಬದಿಯಲ್ಲಿ ನಿಂತು ಸುರಕ್ಷತೆ ನೋಡಿಕೊಳ್ಳುವವ) ಆಗಿ ಕೆಲಸ ಮಾಡುತ್ತಿದ್ದೇನೆ. ತಿರುವುಗಳ ಬದಿಯಲ್ಲಿ ನಿಂತು ಬೇರೆಯವರ ಕಾರುಗಳನ್ನು ನೋಡಿದ್ದು ಸಾಕು, ಮುಂದಿನ ಋತುವಿನಲ್ಲಿ ನಾವೂ ಇಳಿಯೋಣ ಎಂದು ನಾನೂ ನನ್ನ ತಂಗಿಯೂ ತೀರ್ಮಾನಿಸಿದ್ದೇವೆ. ನಾನು ಚಾಲಕ, ಅವಳು ಸಹಚಾಲಕಿ. ನಾವು ಭಾಗವಹಿಸಬೇಕೆಂದಿರುವ ಸ್ಪರ್ಧೆಗಳಲ್ಲಿ ಹೆಚ್ಚಿನವು ಜಲ್ಲಿ ಮತ್ತು ಮಣ್ಣಿನ ಹಾದಿಯವು, ಒಂದೆರಡು ಮಾತ್ರ ಡಾಂಬರು ರಸ್ತೆಯವು.

ಸದ್ಯ ಮೂರು ಕಾರುಗಳು ನಮ್ಮ ಕಣ್ಣಿಗೆ ಬಿದ್ದಿವೆ. ಮೂರೂ ಮುಂಚಕ್ರ ಚಾಲನೆಯ ಸಣ್ಣ ಹ್ಯಾಚ್‌ಬ್ಯಾಕ್‌ಗಳು. ಮೊದಲನೆಯದು ಸುಮಾರು 800 ಕಿಲೋ ತೂಗುವ 1300 ಸಿಸಿ ಕಾರು. ಹಳೆಯದಾದರೂ ದಿನಬಳಕೆಯಲ್ಲಿರುವುದು, ಇದುವರೆಗೆ ಸ್ಪರ್ಧೆಗೆ ಇಳಿದದ್ದಲ್ಲ. ಎರಡನೆಯದು 1600 ಸಿಸಿಯ 16 ವಾಲ್ವ್ ಎಂಜಿನ್ ಇರುವ, 1050 ಕಿಲೋ ತೂಕದ ಹೊಸ ಪೀಳಿಗೆಯ ಕಾರು. ಮೂರನೆಯದು ಈಗಾಗಲೇ ರ‍್ಯಾಲಿಗೆ ಸಿದ್ಧಪಡಿಸಿದ 1400 ಸಿಸಿ ಕಾರು. ರೋಲ್ ಕೇಜ್ (ಕಾರು ಉರುಳಿದಾಗ ಒಳಗಿರುವವರನ್ನು ಕಾಯುವ ಕೊಳವೆಗಳ ಪಂಜರ), ಆಸನ, ಹಾರ್ನೆಸ್ (ಸ್ಪರ್ಧೆಯ ಸೀಟ್ ಬೆಲ್ಟ್) ಎಲ್ಲವೂ ಇವೆ, ಎಂಜಿನ್ನನ್ನು ಕೂಡ ಬಿಚ್ಚಿ ಶಕ್ತಿ ಹೆಚ್ಚಿಸಲಾಗಿದೆ ಎಂದು ಮಾರುವವರು ಹೇಳುತ್ತಾರೆ, ಆದರೆ ಎರಡು ವರ್ಷಗಳಿಂದ ಅದು ಶೆಡ್ಡಿನಲ್ಲೇ ನಿಂತಿದೆ.

ಎರಡನೆಯ ಕಾರಿನ ಶಕ್ತಿ ನನ್ನನ್ನು ಸೆಳೆಯುತ್ತಿದೆ. ಹಗುರವಾದದ್ದನ್ನೇ ತೆಗೆದುಕೊಳ್ಳೋಣ ಎಂಬುದು ತಂಗಿಯ ವಾದ. ನಮ್ಮ ಕೈಯಲ್ಲಿರುವ ಹಣ ಒಂದೇ ಸಲಕ್ಕೆ ಎಲ್ಲ ಕೆಲಸಕ್ಕೂ ಸಾಲುವುದಿಲ್ಲವಾದ್ದರಿಂದ ಯಾವುದನ್ನು ಮೊದಲು ಮಾಡಿಸಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಬಿಡಬಹುದು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಮಸ್ಕಾರ. ಹಲವು ವರ್ಷಗಳಿಂದ ಸಣ್ಣ ಕಾರುಗಳನ್ನು ರ‍್ಯಾಲಿಗೆ ಅಣಿಗೊಳಿಸುತ್ತ ಬಂದಿರುವವನಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಾರು ನೋಡಲು ಹೋಗುವ ಮೊದಲು ನೀವು ಭಾಗವಹಿಸಲಿರುವ ಸ್ಪರ್ಧೆಗಳ ತಾಂತ್ರಿಕ ನಿಯಮಾವಳಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ, ಈ ಮೂರೂ ಕಾರುಗಳು ಯಾವ ಯಾವ ವರ್ಗಕ್ಕೆ ಬೀಳುತ್ತವೆ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವರ್ಗದ ಗಡಿಗಳು ಸಾಮಾನ್ಯವಾಗಿ 1400 ಮತ್ತು 1600 ಸಿಸಿಗಳಲ್ಲಿ ಬರುವುದರಿಂದ 1300ರ ಕಾರು ತನ್ನಂಥವುಗಳೊಡನೆಯೇ ಸೆಣಸಬಹುದು. ಅದೇ 1600ರ ಕಾರಿನಲ್ಲಿ ಹೋದರೆ ಚೆನ್ನಾಗಿ ಪಳಗಿದ, ಪೂರ್ತಿ ಸಜ್ಜಾದ ಕಾರುಗಳ ನಡುವೆ ನಿಲ್ಲಬೇಕಾಗುತ್ತದೆ. ಮಾನ್ಯತೆಯ ವಿಷಯವೂ ಇದೆ. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ಒಂದು ಮಾದರಿಗೆ ನೀಡುವ ಹೊಮೊಲೊಗೇಷನ್, ಅಂದರೆ ಸ್ಪರ್ಧೆಗೆ ಕೊಡುವ ಅಧಿಕೃತ ಮಾನ್ಯತೆ, ಆ ಮಾದರಿಯ ತಯಾರಿಕೆ ನಿಂತ 7 ವರ್ಷಗಳ ಬಳಿಕ ಮುಗಿದುಹೋಗುತ್ತದೆ. ಹವ್ಯಾಸಿ ಮಟ್ಟದ ಅನೇಕ ಸ್ಪರ್ಧೆಗಳು ಅಂಥ ಕಾರುಗಳಿಗೂ ಅವಕಾಶ ಕೊಡುತ್ತವೆಯಾದರೂ, ಯಾವ ಬದಲಾವಣೆಗೆ ಒಪ್ಪಿಗೆ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಮುಂಚಿತವಾಗಿ ತಿಳಿದಿರಬೇಕು. ಹಣ ಸುರಿದು ಹಾಕಿಸಿದ ಭಾಗವನ್ನು ತಪಾಸಣೆಯ ದಿನ ತೆಗೆದುಹಾಕಬೇಕಾಗಿ ಬಂದವರನ್ನು ನಾನು ಕಂಡಿದ್ದೇನೆ.

ಇನ್ನು ಶಕ್ತಿಯೋ ಹಗುರವೋ ಎಂಬ ಪ್ರಶ್ನೆ. ನಾನು ನಿಮ್ಮ ತಂಗಿಯ ಪಕ್ಷ. ಚಲಿಸುವ ಕಾರಿನಲ್ಲಿರುವ ಚೈತನ್ಯವಷ್ಟೂ ಬ್ರೇಕಿನಲ್ಲಿ ಶಾಖವಾಗಿ ಕರಗಬೇಕು. ಅದು ತೂಕಕ್ಕೆ ಅನುಗುಣವಾಗಿಯೂ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿಯೂ ಏರುತ್ತದೆ. 250 ಕಿಲೋ ಹೆಚ್ಚು ತೂಗುವ ಕಾರು, ಅದೂ ಹೆಚ್ಚು ವೇಗದಲ್ಲಿ ತಿರುವಿಗೆ ಬಂದಾಗ, ಬ್ರೇಕು, ಟೈರು, ಡ್ರೈವ್ ಶಾಫ್ಟು, ಷಾಕ್ ಅಬ್ಸಾರ್ಬರು ಹೀಗೆ ಪ್ರತಿಯೊಂದನ್ನೂ ಬೇಗ ಸವೆಸುತ್ತದೆ. ಹವ್ಯಾಸಿಯ ಹಣ ಕರಗುವುದು ಕಾರು ಕೊಳ್ಳುವಾಗ ಅಲ್ಲ, ಸವೆದ ಭಾಗಗಳನ್ನು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಿಸುವಾಗ. ಸಣ್ಣ ಎಂಜಿನ್ನಿನ ಮುಂಚಕ್ರ ಚಾಲನೆಯ ಕಾರಿನಿಂದ ಏನಾದೀತು ಎಂದು ಯಾರಾದರೂ ಕೇಳಿದರೆ 841 ಸಿಸಿಯ ಎರಡು ಸ್ಟ್ರೋಕ್ ಎಂಜಿನ್ ಇದ್ದ ಸಾಬ್ 96 ಕಾರಿನಲ್ಲಿ ಎರಿಕ್ ಕಾರ್ಲ್‌ಸನ್ 1962 ಮತ್ತು 1963ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದನ್ನು ನೆನಪಿಸಿ. 1964ರಲ್ಲಿ ಅದೇ ರ‍್ಯಾಲಿಯನ್ನು ಪ್ಯಾಡಿ ಹಾಪ್‌ಕರ್ಕ್ ಗೆದ್ದ ಮಿನಿ ಕೂಪರ್ ಎಸ್ ಕಾರಿನ ಎಂಜಿನ್ 1071 ಸಿಸಿಯದು. ಆ ಕಾರುಗಳು ತಿರುವಿನಲ್ಲಿ ವೇಗವನ್ನು ಕಳೆದುಕೊಳ್ಳದೆ ಸಾಗುತ್ತಿದ್ದವು. ಹೊಸಬರು ಮೊದಲು ಕಲಿಯಬೇಕಾದದ್ದೂ ಅದನ್ನೇ, ಅದನ್ನು ಚೆನ್ನಾಗಿ ಕಲಿಸುವುದು ಶಕ್ತಿ ಕಡಿಮೆ ಇರುವ ಕಾರು.

ಆದರೂ ಮೂರನೆಯ ಕಾರನ್ನು ನೋಡದೆ ತಳ್ಳಿಹಾಕಬೇಡಿ. ಒಳ್ಳೆಯ ಕೇಜ್ ಬೆಸೆದಿರುವ, ದಾಖಲೆಗಳಿರುವ ಕಾರು ಸಿಕ್ಕರೆ ಆರು ತಿಂಗಳ ಕೆಲಸ ಉಳಿಯುತ್ತದೆ. ಅಲ್ಲಿ ಎಂಜಿನ್ನಿನ ಕಥೆ ಕೇಳುತ್ತ ನಿಲ್ಲದೆ ಕಾರನ್ನು ಲಿಫ್ಟಿನ ಮೇಲೆ ಏರಿಸಿ ಬಾಡಿ ಶೆಲ್, ಅಂದರೆ ಕಾರಿನ ಬರಿಯ ಲೋಹದ ಒಡಲು, ನೋಡಿ. ಸ್ಟ್ರಟ್‌ಗಳ (ಸ್ಪ್ರಿಂಗ್ ಮತ್ತು ಷಾಕ್ ಅಬ್ಸಾರ್ಬರ್ ಕೂಡಿದ ಕಂಬಗಳ) ಮೇಲ್ತುದಿ ಕೂರುವ ಗೂಡುಗಳು, ಬಾಗಿಲ ಕೆಳಗಿನ ಸಿಲ್‌ಗಳು, ಹಿಂದಿನ ಆಕ್ಸಲ್ ತೊಲೆ ಕಚ್ಚಿಕೊಂಡಿರುವ ಜಾಗ, ಕೇಜ್‌ನ ಪಾದಗಳ ಸುತ್ತಲಿನ ನೆಲ, ಇವುಗಳಲ್ಲಿ ತುಕ್ಕೋ ಕೂದಲೆಳೆಯ ಬಿರುಕೋ ಇದೆಯೇ ಎಂದು ದಬ್ಬಳದಿಂದ ಚುಚ್ಚಿ ಪರೀಕ್ಷಿಸಬೇಕು. ದಪ್ಪನೆಯ ಹೊಸ ಬಣ್ಣ ಬಳಿದಿರುವ ಜಾಗವನ್ನು ಎರಡು ಸಲ ನೋಡಿ. ಎಂಜಿನ್ ಹಾಳಾಗಿದ್ದರೆ ಬೇರೊಂದನ್ನು ಕೂರಿಸಬಹುದು. ಶೆಲ್ ಸತ್ತಿದ್ದರೆ ಕಾರು ಇಲ್ಲ.

ಕೇಜ್ ವಿಷಯದಲ್ಲಿ ಎಫ್‌ಐಎ ನಿಯಮದ ಅಳತೆಗಳನ್ನು ಕೈಯಲ್ಲಿ ಹಿಡಿದೇ ಹೋಗಿ. ಮುಖ್ಯ ಕಮಾನಿನ ಕೊಳವೆ 45 ಮಿಲಿಮೀಟರ್ ವ್ಯಾಸ ಮತ್ತು 2.5 ಮಿಲಿಮೀಟರ್ ದಪ್ಪದ್ದೋ, ಇಲ್ಲವೇ 50 ಮಿಲಿಮೀಟರ್ ವ್ಯಾಸ ಮತ್ತು 2 ಮಿಲಿಮೀಟರ್ ದಪ್ಪದ್ದೋ ಆಗಿರಬೇಕು. ಬೆಸುಗೆಯ ಗೆರೆಯಿಲ್ಲದ, ತಣ್ಣಗೆ ಎಳೆದು ತಯಾರಿಸಿದ ಉಕ್ಕಿನ ಕೊಳವೆಯೇ ಬೇಕು. ನೀರಿನ ಕೊಳವೆಯನ್ನು ಬಾಗಿಸಿ ಮಾಡಿದ ಕೇಜ್ ಅಪಘಾತದಲ್ಲಿ ಮಡಚಿಕೊಂಡು ಒಳಗಿದ್ದವರನ್ನೇ ಗಾಯಗೊಳಿಸುತ್ತದೆ. ಬೋಲ್ಟಿನ ಕೇಜ್ ಆದರೆ ಪ್ರತಿ ಪಾದಕ್ಕೂ ಕನಿಷ್ಠ ಮೂರು ಎಂ8 (8 ಮಿಲಿಮೀಟರ್ ವ್ಯಾಸದ) ಬೋಲ್ಟ್‌ಗಳೂ, ಅದರಡಿ ನೆಲಕ್ಕೆ ಬೆಸೆದ, ಕನಿಷ್ಠ 3 ಮಿಲಿಮೀಟರ್ ದಪ್ಪ ಹಾಗೂ 120 ಚದರ ಸೆಂಟಿಮೀಟರ್ ವಿಸ್ತಾರದ ಬಲವರ್ಧಕ ಫಲಕವೂ ಇರಲೇಬೇಕು. ಈ ಫಲಕವಿಲ್ಲದೆ ತೆಳು ತಗಡಿಗೆ ನೇರವಾಗಿ ಬಿಗಿದ ಪಾದ ಕಾರು ಉರುಳಿದಾಗ ನೆಲವನ್ನು ಸೀಳಿ ಇಳಿದುಬಿಡುತ್ತದೆ. ಹಾರ್ನೆಸ್‌ಗಳ ಪಟ್ಟಿಯ ಮೇಲೆ ಅವಧಿ ಮುಗಿಯುವ ವರ್ಷವನ್ನು ಮುದ್ರಿಸಿರುತ್ತಾರೆ. ಎಫ್‌ಐಎಯ 8855-1999 ಮಾನಕದ ಆಸನಗಳಿಗೂ 5 ವರ್ಷಗಳ ಆಯುಸ್ಸು. ಎರಡು ವರ್ಷ ನಿಂತೇ ಇರುವ ಕಾರಿನಲ್ಲಿ ಇವೆರಡೂ ಮುಗಿದಿರುವ ಸಾಧ್ಯತೆಯೇ ಹೆಚ್ಚಾದ್ದರಿಂದ, ಬೆಲೆ ಮಾತಾಡುವಾಗ ಆ ವೆಚ್ಚವನ್ನು ಕಳೆದೇ ಮಾತಾಡಿ.

ಸಿದ್ಧತೆಯ ಕ್ರಮದಲ್ಲಿ ಮೊದಲು ಶೆಲ್, ಕೇಜ್ ಮತ್ತು ಸುರಕ್ಷತೆ. ಆಮೇಲೆ ಷಾಕ್ ಅಬ್ಸಾರ್ಬರ್‌ಗಳು. ಬಳಿಕ ಬ್ರೇಕು ಮತ್ತು ಕಾರಿನಡಿಯ ರಕ್ಷಣೆ. ಎಂಜಿನ್ ಕಟ್ಟಕಡೆಗೆ, ಅದೂ ಮೊದಲ ವರ್ಷದಲ್ಲಿ ಬೇಡವೇ ಬೇಡ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಮೊದಲು ಕಟ್ಟಿದ ಕಾರಿನಲ್ಲಿ ಹಣವೆಲ್ಲ ಎಂಜಿನ್ನಿಗೆ ಹೋಗಿ, ಷಾಕ್ ಅಬ್ಸಾರ್ಬರ್‌ಗಳು ಕಾರಿನೊಂದಿಗೆ ಬಂದವೇ ಉಳಿದಿದ್ದವು. ಸಮಯ ಅಳೆಯುವ ಒಂದು ದೀರ್ಘ ಹಂತದ ಅರ್ಧದಲ್ಲಿ ಅವುಗಳೊಳಗಿನ ಎಣ್ಣೆ ಕಾದು ನೊರೆಯಾಗಿ ಹಿಡಿತ ಸಂಪೂರ್ಣ ಹೋಯಿತು, ಕಾರು ಚೆಂಡಿನಂತೆ ಪುಟಿಯತೊಡಗಿತು, ಮುಂದಿನ ಗುಂಡಿಯಲ್ಲಿ ಬಲಗಡೆಯ ಸ್ಟ್ರಟ್ ತನ್ನ ಗೂಡಿನ ತಗಡನ್ನೇ ಹರಿದು ಮೇಲೆ ಬಂತು. ಎಂಜಿನ್ ಮಾತ್ರ ಸೊಗಸಾಗಿ ಓಡುತ್ತಲೇ ಇತ್ತು. ಹೀಗಾಗಿ ಸ್ಟ್ರಟ್ ಗೂಡುಗಳಿಗೆ ಬಲವರ್ಧಕ ತಗಡು ಬೆಸೆಯುವುದನ್ನೂ ಶೆಲ್‌ನ ಜೋಡಣೆಯ ಅಂಚುಗಳಿಗೆ ತುಂಡು ತುಂಡಾಗಿ ಬೆಸುಗೆ ಹಾಕಿಸುವುದನ್ನೂ ಕಾರು ಪೂರ್ತಿ ಬರಿದಾಗಿರುವಾಗಲೇ, ಅಂದರೆ ಬಣ್ಣಕ್ಕೂ ತಂತಿಗಳಿಗೂ ಮೊದಲೇ ಮುಗಿಸಿಕೊಳ್ಳಿ.

ಬ್ರೇಕಿನಲ್ಲಿ ದೊಡ್ಡ ಡಿಸ್ಕ್‌ಗಳ ಆಸೆ ಈಗ ಬೇಡ. ಶಾಖ ತಾಳುವ ಪ್ಯಾಡ್‌ಗಳು, ಉಕ್ಕಿನ ಹೆಣಿಗೆಯ ಹೊದಿಕೆಯಿರುವ ಮೆದುಗೊಳವೆಗಳು, ಹೊಸ ಬ್ರೇಕ್ ದ್ರವ, ಇಷ್ಟರಿಂದಲೇ 800 ಕಿಲೋದ ಕಾರು ಚೆನ್ನಾಗಿ ನಿಲ್ಲುತ್ತದೆ. ಡಾಟ್ 4 ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕೆಂಬುದು ಮಾನಕ. ತೇವ ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ದುಬಾರಿ ದ್ರವವನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕಿಂತ ಸಾಧಾರಣ ದ್ರವವನ್ನು ಪ್ರತಿ ಸ್ಪರ್ಧೆಗೂ ಬದಲಿಸುವುದು ಲೇಸು. ಹೆಸರು ಹತ್ತಿರವಿದೆಯೆಂದು ಸಿಲಿಕೋನ್ ಆಧಾರದ ಡಾಟ್ 5 ಅನ್ನು ಇವುಗಳೊಡನೆ ಎಂದಿಗೂ ಬೆರೆಸಬೇಡಿ. ಕಾರಿನಡಿ ಹಾದುಹೋಗುವ ಬ್ರೇಕ್ ಮತ್ತು ಇಂಧನದ ಕೊಳವೆಗಳನ್ನು ಕಲ್ಲೇಟಿನಿಂದ ರಕ್ಷಿಸಲು, ನಿಯಮ ಒಪ್ಪುವುದಾದರೆ, ಒಳಗಿನಿಂದಲೇ ಹಾಯಿಸಿ. ಇಂಧನದ ಕೊಳವೆಗೆ ಕಾರಿನೊಳಗೆ ಎಲ್ಲಿಯೂ ಜೋಡಣೆ ಇರಕೂಡದು.

ಎರಡನೆಯ ಉತ್ತರ

ಮೇಲಿನವರ ಮಾತಿಗೆ ಬಹುಪಾಲು ಒಪ್ಪಿಗೆ. ಒಂದು ವಿಷಯದಲ್ಲಿ ಮಾತ್ರ ನನ್ನ ಅನುಭವ ಬೇರೆ. ಎಂಜಿನ್ ಮುಟ್ಟಬಾರದು ಎಂಬುದು ಸರಿಯೇ, ಆದರೆ ಗೇರ್‌ಬಾಕ್ಸನ್ನು ಆ ಪಟ್ಟಿಗೆ ಸೇರಿಸಬೇಡಿ. ದಿನಬಳಕೆಯ ಸಣ್ಣ ಕಾರಿನ ಗೇರುಗಳನ್ನು ಇಂಧನ ಉಳಿಸುವ ಉದ್ದೇಶದಿಂದ ಉದ್ದವಾಗಿ ಕೂರಿಸಿರುತ್ತಾರೆ. ಮಣ್ಣಿನ ಹಾದಿಯಲ್ಲಿ ಐದನೆಯ ಗೇರ್ ಬಳಕೆಗೇ ಬರುವುದಿಲ್ಲ, ಎರಡನೆಯದರಿಂದ ಮೂರನೆಯದಕ್ಕೆ ಹಾಕಿದಾಗ ಎಂಜಿನ್ ಉಸಿರುಗಟ್ಟುತ್ತದೆ. ಅದೇ ಮಾದರಿಯ ಬೇರೊಂದು ಆವೃತ್ತಿಯ ಗೇರ್‌ಬಾಕ್ಸಿನಿಂದ ಗೇರುಗಳನ್ನು ಗಿಡ್ಡವಾಗಿಸುವ (ಅಂಕಿಯಲ್ಲಿ ದೊಡ್ಡ ಅನುಪಾತದ) ಫೈನಲ್ ಡ್ರೈವ್, ಅಂದರೆ ಚಕ್ರಗಳಿಗೆ ಮುಂಚಿನ ಕೊನೆಯ ಗೇರ್ ಜೋಡಿ, ಸಿಕ್ಕರೆ ಮತ್ತು ನಿಮ್ಮ ವರ್ಗದ ನಿಯಮ ಅದಕ್ಕೆ ಅವಕಾಶ ಕೊಟ್ಟರೆ, ಅದೊಂದೇ ಬದಲಾವಣೆಯಿಂದ ಕಾರು ಬೇರೆಯದೇ ಆದಂತಾಗುತ್ತದೆ.

ಜಾರುವಿಕೆ ತಡೆಯುವ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಎಂಜಿನ್ನಿನ ಎಳೆತ ಹಂಚುವ ಭಾಗ) ಬಗ್ಗೆ ನಿಮಗೆ ಹಲವರು ಸಲಹೆ ಕೊಟ್ಟಾರು. ಹಲ್ಲುಗಾಲಿಗಳ ಮೇಲೆಯೇ ಕೆಲಸ ಮಾಡುವ ಬಗೆಯದು ಸ್ಟೀರಿಂಗಿಗೆ ಹಿತ, ಆದರೆ ಒಳಬದಿಯ ಚಕ್ರ ನೆಲ ಬಿಟ್ಟಾಗ ಅದು ಕೈಕೊಡುತ್ತದೆ. ಫಲಕಗಳಿರುವ ಬಗೆಯದು ಆಗಲೂ ಎಳೆಯುತ್ತದೆ, ಜೊತೆಗೆ ಚಾಲಕನ ಕೈಯನ್ನೂ ಎಳೆಯುತ್ತದೆ, ಮತ್ತು ಅದರ ಫಲಕಗಳನ್ನು ಆಗಾಗ ಬಿಚ್ಚಿ ನೋಡಬೇಕು. ಮಣ್ಣಿನ ಹಾದಿಗೆ ನನ್ನ ಆಯ್ಕೆ ಫಲಕದ್ದೇ. ಆದರೆ ಅದು ಎರಡನೆಯ ವರ್ಷಕ್ಕೆ. ಅದಿಲ್ಲದ ಕಾರಿನಲ್ಲಿ ಒಂದು ಋತು ಓಡಿದವರಿಗೆ ಮಾತ್ರ ಅದು ಏನು ಮಾಡುತ್ತಿದೆ ಎಂಬುದು ಕೈಗೆ ತಿಳಿಯುತ್ತದೆ.

1600ರ ಕಾರನ್ನು ಬಿಟ್ಟರೆ ಮುಂದೆ ಬೆಳೆಯಲು ದಾರಿ ಮುಚ್ಚೀತು ಎಂಬ ಅಂಜಿಕೆ ನಿಮಗಿದ್ದರೆ ಅದು ಬೇಡ. ಸೆಬಾಸ್ಟಿಯನ್ ಲೋಬ್ 2001ರಲ್ಲಿ ಸಿಟ್ರೊಯೆನ್ ಸ್ಯಾಕ್ಸೊ ಕಾರಿನಲ್ಲಿ, ಸೆಬಾಸ್ಟಿಯನ್ ಓಜಿಯೆ 2008ರಲ್ಲಿ ಸಿಟ್ರೊಯೆನ್ ಸಿ2 ಕಾರಿನಲ್ಲಿ ಮುಂಚಕ್ರ ಚಾಲನೆಯ ಸಣ್ಣ ಕಾರುಗಳ ಪ್ರಶಸ್ತಿ ಗೆದ್ದ ಬಳಿಕವೇ ವಿಶ್ವ ಚಾಂಪಿಯನ್ನರಾದರು. ಅವರ ಕಾರುಗಳು 1600 ಸಿಸಿಯವು, ಕಾರ್ಖಾನೆಯ ಬೆಂಬಲ ಉಳ್ಳವು, ನಿಜ. ಆದರೂ ಮುಂಚಕ್ರ ಚಾಲನೆಯ ಕಾರನ್ನು ಎಡಗಾಲಿನ ಬ್ರೇಕಿನಿಂದ ತಿರುವಿನೊಳಕ್ಕೆ ತಿರುಗಿಸುವ ಕಲೆ 1300 ಸಿಸಿಯಲ್ಲೂ ಅದೇ.

ಮೂರನೆಯ ಉತ್ತರ

ನಮಸ್ಕಾರ. ನಾನು ಸಹಚಾಲಕಿ. ಇದುವರೆಗಿನ ಮಾತೆಲ್ಲ ಚಾಲಕರ ಕಡೆಯದೇ ಆಗಿದೆ, ಆದ್ದರಿಂದ ಇದನ್ನು ನಿಮ್ಮ ತಂಗಿಗಾಗಿ ಬರೆಯುತ್ತಿದ್ದೇನೆ.

ಸಹಚಾಲಕರ ಆಸನವನ್ನು ಆದಷ್ಟೂ ಹಿಂದಕ್ಕೆ ಮತ್ತು ಕೆಳಕ್ಕೆ ಕೂರಿಸಿ. ತೂಕ ಕೆಳಗಿಳಿಯುತ್ತದೆ, ತಲೆಗೂ ಕೇಜ್‌ಗೂ ಅಂತರ ಸಿಗುತ್ತದೆ. ಆದರೆ ರಸ್ತೆಯೇ ಕಾಣದಷ್ಟು ಕೆಳಕ್ಕೆ ಬೇಡ. ನೋಟ್ಸ್ (ತಿರುವುಗಳ ವಿವರ ಬರೆದಿಟ್ಟ ಪುಸ್ತಕ) ಓದುವವರು ಹಾದಿಯನ್ನು ಬೆನ್ನಿನಿಂದಲೇ ಅರಿಯುತ್ತಾರೆ ಎಂಬ ಮಾತಿದ್ದರೂ, ಮೊದಲ ವರ್ಷದಲ್ಲಿ ಸಾಲು ತಪ್ಪಿದಾಗ ತಲೆಯೆತ್ತಿ ತಿರುವನ್ನು ನೋಡಿ ಮತ್ತೆ ಜಾಗ ಹಿಡಿಯಬೇಕಾಗುತ್ತದೆ. ಆಸನಕ್ಕೆ ಒಬ್ಬರ ಅಳತೆ ಮತ್ತೊಬ್ಬರಿಗೆ ಒಗ್ಗುವುದಿಲ್ಲ. ಚಾಲಕರಿಗೆಂದು ಕೊಂಡ ಜೋಡಿಯಲ್ಲಿ ಅಗಲವಾದ ಎರಡನೆಯದನ್ನು ತಂಗಿಯ ಪಾಲಿಗೆ ಹಾಕಬೇಡಿ. ಸೊಂಟದ ಎರಡೂ ಬದಿ ಬಿಗಿಯಾಗಿ ಹಿಡಿಯದಿದ್ದರೆ ಪುಸ್ತಕ ಹಿಡಿದ ಕೈ ಸ್ಥಿರವಾಗಿ ನಿಲ್ಲುವುದಿಲ್ಲ. ಹೆಗಲ ಪಟ್ಟಿಗಳು ಆಸನದ ಬೆನ್ನಿನಿಂದ ಹಿಂದಕ್ಕೆ ಇಳಿಯುವ ಕೋನ ಸಮತಲಕ್ಕೆ 45 ಡಿಗ್ರಿಯನ್ನು ಮೀರಬಾರದೆಂದು ನಿಯಮವೇ ಹೇಳುತ್ತದೆ. ಆದಷ್ಟೂ ಸಮತಲಕ್ಕೆ ಹತ್ತಿರವಿದ್ದರೆ ಒಳ್ಳೆಯದು. ಕಡಿದಾಗಿ ಇಳಿದ ಪಟ್ಟಿ ಡಿಕ್ಕಿಯಲ್ಲಿ ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ.

ಕಾರು ಬರಿದಾಗಿರುವಾಗಲೇ ಇಬ್ಬರೂ ಕುಳಿತು, ಹಾರ್ನೆಸ್ ಬಿಗಿದುಕೊಂಡು, ಅಗ್ನಿಶಾಮಕದ ಗುಂಡಿ, ವಿದ್ಯುತ್ ಕಡಿತದ ಮುಖ್ಯ ಸ್ವಿಚ್ ಮತ್ತು ಹಾರ್ನೆಸ್ ಕತ್ತರಿಸುವ ಚಾಕು ಇಬ್ಬರ ಕೈಗೂ ನಿಲುಕುತ್ತವೆಯೇ ಎಂದು ನೋಡಿ. ಈ ಮುಖ್ಯ ಸ್ವಿಚ್ ಬ್ಯಾಟರಿಯನ್ನಷ್ಟೇ ಕಡಿದರೆ ಸಾಲದು. ಓಡುತ್ತಿರುವ ಎಂಜಿನ್ನಿನ ಆಲ್ಟರ್ನೇಟರ್ ತಾನೇ ವಿದ್ಯುತ್ ಒದಗಿಸುತ್ತ ಎಂಜಿನ್ನನ್ನು ಆರದಂತೆ ಇಟ್ಟಿರುತ್ತದೆ. ಆದ್ದರಿಂದ ಇಗ್ನಿಷನ್ ಕೂಡ ಅದೇ ಸ್ವಿಚ್ಚಿನಿಂದ ಕಡಿಯುವಂತೆ ತಂತಿ ಹಾಕಿಸಿ, ಎಂಜಿನ್ ಓಡುವಾಗಲೇ ಒಮ್ಮೆ ತಿರುಗಿಸಿ ಪರೀಕ್ಷಿಸಿ. ಸಾಗಿದ ದೂರ ಅಳೆಯುವ ಟ್ರಿಪ್ ಮೀಟರಿಗೆ ಸಂಜ್ಞೆಯನ್ನು ಹಿಂಚಕ್ರದಿಂದ ತೆಗೆದುಕೊಳ್ಳಿ. ಮುಂಚಕ್ರಗಳು ಮಣ್ಣಿನಲ್ಲಿ ಗಿರಕಿ ಹೊಡೆಯುವಷ್ಟೂ ದೂರ ತಪ್ಪಾಗುತ್ತದೆ, ಅದನ್ನು ಸರಿದೂಗಿಸುವ ಹೊಣೆ ತಂಗಿಯ ಮೇಲೆ ಬೀಳುತ್ತದೆ.

ಚಕ್ರ ಬದಲಿಸುವುದನ್ನು ಮಾತ್ರ ಇಬ್ಬರೂ ಕೂಡಿ, ಹೆಲ್ಮೆಟ್ ಸಹಿತ, ಇಳಿಜಾರಿನಲ್ಲಿ ಹತ್ತಾರು ಸಲ ಅಭ್ಯಾಸ ಮಾಡಿ. ಜ್ಯಾಕ್ ಎಲ್ಲಿ, ನಟ್ಟು ಬಿಚ್ಚುವ ಸ್ಪ್ಯಾನರ್ ಎಲ್ಲಿ, ಯಾರು ಏನನ್ನು ಹಿಡಿಯಬೇಕು ಎಂಬುದು ಮಾತಿಲ್ಲದೆ ಆಗಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರನೆಯ ಕಾರನ್ನು ನಿನ್ನೆ ಲಿಫ್ಟಿನ ಮೇಲೆ ಏರಿಸಿ ನೋಡಿದೆವು. ಕೇಜ್‌ನ ಕೊಳವೆ ಅಳತೆಗೆ ಸರಿಯಾಗಿಯೇ ಇತ್ತು, ಆದರೆ ಹಿಂದಿನ ಎರಡು ಪಾದಗಳ ಅಡಿಯಲ್ಲಿ ಫಲಕವೇ ಇರಲಿಲ್ಲ, ಸುತ್ತಲಿನ ನೆಲಕ್ಕೆ ದಬ್ಬಳ ಸಲೀಸಾಗಿ ಇಳಿಯಿತು. ಮೊದಲನೆಯ ಕಾರಿನ ಶೆಲ್ ಗಟ್ಟಿಯಾಗಿದೆ. ಆದ್ದರಿಂದ 1300ರ ಕಾರನ್ನೇ ಕೊಳ್ಳುತ್ತಿದ್ದೇವೆ. ತಂಗಿಗೆ ಬಹಳ ಸಂತೋಷವಾಗಿದೆ, ನನಗೂ ಈಗ ಮನಸ್ಸು ನಿಶ್ಚಿಂತವಾಗಿದೆ. ಇನ್ನೊಂದು ಸಂದೇಹ. ಮಣ್ಣಿನ ಹಾದಿಗೆ ಕಾರನ್ನು ಎಷ್ಟು ಎತ್ತರಿಸಬೇಕು? ಎತ್ತರದ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಸಾಕೇ?

ಮೊದಲ ಉತ್ತರ ಬರೆದವರು

ಒಳ್ಳೆಯ ತೀರ್ಮಾನ. ಗಟ್ಟಿ ಸ್ಪ್ರಿಂಗ್ ಒಂದರಿಂದಲೇ ಕೆಲಸ ಆಗುವುದಿಲ್ಲ, ಹಲವು ಸಲ ಕೆಡುತ್ತದೆ. ಮಣ್ಣಿನ ಹಾದಿಯಲ್ಲಿ ಬೇಕಾದದ್ದು ಚಕ್ರದ ಓಟ, ಅಂದರೆ ಚಕ್ರ ಮೇಲಕ್ಕೂ ಕೆಳಕ್ಕೂ ಎಷ್ಟು ದೂರ ಚಲಿಸಬಲ್ಲದು ಎಂಬುದು. ಮಾಮೂಲು ಷಾಕ್ ಅಬ್ಸಾರ್ಬರಿನ ಮೇಲೆ ಎತ್ತರದ ಸ್ಪ್ರಿಂಗ್ ಕೂರಿಸಿದರೆ ನಿಂತಲ್ಲೇ ಅದರ ದಂಡ ಬಹುಪಾಲು ಹೊರಬಂದಿರುತ್ತದೆ. ಕೆಳಕ್ಕೆ ಹೋಗಲು ಓಟ ಉಳಿಯದೆ, ಪ್ರತಿ ಗುಂಡಿಯಲ್ಲೂ ಚಕ್ರ ನೆಲ ಬಿಟ್ಟು ತೂಗುತ್ತದೆ, ದಂಡ ತುದಿಗೆ ಬಡಿದು ಸೀಲ್ ಒಡೆಯುತ್ತದೆ. ಆದ್ದರಿಂದ ಉದ್ದ ಓಟದ ಷಾಕ್ ಅಬ್ಸಾರ್ಬರಿಗೆ ಹೊಂದುವ ಸ್ಪ್ರಿಂಗನ್ನು ಒಟ್ಟಿಗೇ ಆರಿಸಿ, ನಿಂತ ಸ್ಥಿತಿಯಲ್ಲಿ ಒಟ್ಟು ಓಟದ ಮೂರನೆಯ ಒಂದರಷ್ಟಾದರೂ ಕೆಳಮುಖವಾಗಿ ಉಳಿದಿರುವಂತೆ ಹೊಂದಿಸಿ.

ಎತ್ತರಕ್ಕೆ ಮಿತಿ ಹಾಕುವುದು ಡ್ರೈವ್ ಶಾಫ್ಟು. ಕಾರು ಎತ್ತರವಾದಷ್ಟೂ ಶಾಫ್ಟಿನ ಕೋನ ಕಡಿದಾಗಿ, ತುದಿಯ ಕೀಲುಗಳು ಬಿಸಿಯಾಗಿ, ರಬ್ಬರ್ ಬೂಟು ಹರಿಯುತ್ತದೆ. ಕಾರನ್ನು ಎತ್ತಿ, ಚಕ್ರಗಳು ಪೂರ್ತಿ ಜೋತುಬಿದ್ದಿರುವಾಗ ಸ್ಟೀರಿಂಗನ್ನು ಎರಡೂ ಕೊನೆಗಳಿಗೆ ತಿರುಗಿಸಿ, ಚಕ್ರವನ್ನು ಕೈಯಿಂದ ಸುತ್ತಿಸಿ ನೋಡಿ. ಎಲ್ಲಿಯಾದರೂ ಬಿಗಿಯಾದರೆ ಎತ್ತರ ಹೆಚ್ಚಾಯಿತೆಂದು ಅರ್ಥ. ಅದನ್ನು ನೋಡಿಕೊಂಡ ಮೇಲೆಯೇ ಚಕ್ರದ ಜೋಡಣೆ ಮಾಡಿಸಿ. ಮೇಲ್ತುದಿ ಒಳಕ್ಕೆ ವಾಲುವ ಕ್ಯಾಂಬರನ್ನು ಮಣ್ಣಿಗೆ 1 ಡಿಗ್ರಿಯ ಆಸುಪಾಸಿನಿಂದ, ಡಾಂಬರಿಗೆ 2ರಿಂದ 3 ಡಿಗ್ರಿಯಿಂದ ಆರಂಭಿಸಿ, ಟೈರಿನ ಸವೆತ ನೋಡಿ ತಿದ್ದುತ್ತ ಹೋಗಬಹುದು. ಸಂಪ್ ಗಾರ್ಡನ್ನು (ಎಂಜಿನ್ನಿನ ತಳವನ್ನು ಕಲ್ಲಿನಿಂದ ಕಾಯುವ ಫಲಕ) ಬರೀ ಎಂಜಿನ್ನಿನ ಅಡಿಗೆ ನೇತುಹಾಕದೆ ಚಾಸಿಯ ಉದ್ದ ತೊಲೆಗಳಿಗೆ ಬಿಗಿಯಿರಿ; ಬಂಡೆಯ ಪೆಟ್ಟು ಶೆಲ್‌ಗೆ ಹೋಗಬೇಕೇ ಹೊರತು ಗೇರ್‌ಬಾಕ್ಸಿಗಲ್ಲ. ಗಾರ್ಡ್ ಹಾಕಿದ ಮೇಲೆ ಎಂಜಿನ್ನಿನ ಅಡಿಯ ಗಾಳಿ ಹೊರಹೋಗುವುದು ತಗ್ಗುವುದರಿಂದ, ಪರೀಕ್ಷೆಯ ಓಟದಲ್ಲಿ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಟ್ಟಿರಲು ತಂಗಿಗೆ ಹೇಳಿ.

ಮೊದಲ ಪರೀಕ್ಷೆಯ ಓಟವನ್ನು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ ಕಾರಿನಡಿಗೆ ಹೋಗಿ. ಬಿಗಿದ ಪ್ರತಿಯೊಂದು ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆಯನ್ನು ಮೊದಲೇ ಎಳೆದಿಟ್ಟಿದ್ದರೆ, ಸಡಿಲವಾದದ್ದು ಯಾವುದೆಂದು ಟಾರ್ಚ್ ಬೆಳಕಿನಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಹೊಸದಾಗಿ ಕಟ್ಟಿದ ಕಾರಿನಲ್ಲಿ ಮುಂದಿನ ಸಬ್‌ಫ್ರೇಮಿನ (ಶೆಲ್‌ಗೆ ಬಿಗಿದ ಉಪ ಚೌಕಟ್ಟಿನ) ಮತ್ತು ಎಂಜಿನ್ ಮೌಂಟುಗಳ ಬೋಲ್ಟ್‌ಗಳು ಒಮ್ಮೆಯಾದರೂ ಸರಿದಿರುತ್ತವೆ. ಅಲ್ಲಿಂದಲೇ ನೋಡಲು ಆರಂಭಿಸಿ.